ತೋಟವೇ ಪಿಂಚಣಿ ಅಂತಿದ್ದ ಕಾಲ

ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಯಾವ ಮನೆಯ ಹೆಂಗಸನ್ನಾದ್ರೂ ಕೇಳಿ ನೋಡಿ, "ವಯಸ್ಸಾದ ಮೇಲೆ ಕೈಖರ್ಚಿಗೆ ಎಂತ ಮಾಡ್ತೀರಿ?" ಅಂತ. "ಎಂತ ಮಾಡೋದು ಮಾರಾಯ್ತಿ, ತೋಟ ಇದ್ಯಲ್ಲ" ಅಂತಾರೆ. ನಮ್ಮಜ್ಜಿನೂ ಹಾಗೇ ಅಂತಿದ್ರು. ಅವರ ಕಾಲಕ್ಕೆ ಅದು ಸುಳ್ಳಲ್ಲ. ಅಡಿಕೆ ಮರ ಒಮ್ಮೆ ಫಸಲಿಗೆ ಬಂದ್ರೆ ಒಂದು ತಲೆಮಾರು ಕೂತು ಉಣ್ಣಬಹುದಿತ್ತು. ಈಗ ಆ ಮಾತನ್ನ ಹಾಗೇ ನಂಬ್ಕೊಂಡು ಕೂರೋ ಹಾಗಿಲ್ಲ. ಮೊನ್ನೆ ಒಂದು ಮದುವೆಮನೆಯಲ್ಲಿ ನಾಲ್ಕೈದು ಜನ ಅತ್ತಿಗೆ-ನಾದಿನಿಯರು "ಈ ಎಸ್‌ಐಪಿ, ಪಿಪಿಎಫ್ ಅಂದ್ರೆ ಎಂತದೆ? ಎಲ್ಲಿಂದ ಶುರು ಮಾಡೋದು?" ಅಂತ ಕೇಳಿದ್ರು. ನಮ್ಮ ಹಿಂದಿನವರು ಎಲ್ಲಿಂದ ಶುರು ಮಾಡಿದ್ರು ಅಂತ ಮೊದಲು ನೋಡಿದ್ರೆ ನಮ್ಮ ದಾರಿ ಸಲೀಸಾಗ್ತದೆ ಅಂತ ನಂಗೆ ಅನ್ನಿಸ್ತು.

ಮೊದಲಿಗೆ ಮಂಡಿ. ಕೊನೆಕೊಯ್ಲು ಮುಗಿದು, ಸುಲಿದು, ಬೇಯ್ಸಿ, ಒಣಗ್ಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಆರಿಸೋವಷ್ಟರಲ್ಲಿ ಹೆಂಗಸರ ಬೆರಳೆಲ್ಲ ಚೊಗರಿಗೆ ಕಪ್ಪಾಗಿರ್ತಿತ್ತು. ಮೂಟೆ ಶಿವಮೊಗ್ಗಕ್ಕೆ ಹೋಗ್ತಿತ್ತು. ದುಡ್ಡು ಮಂಡಿ ಲೆಕ್ಕದಲ್ಲೇ ಇರ್ತಿತ್ತು. ಮದುವೆ, ಮುಂಜಿ, ಗೊಬ್ಬರ, ಕೊಳೆಮದ್ದು ಅಂತ ಬೇಕಾದಾಗ ತರೋದು. 1939ರಲ್ಲಿ ಬೆಳೆಗಾರರೇ ಸೇರಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಕಟ್ಟಿದ್ರು, 1973ರಲ್ಲಿ ಮಂಗಳೂರಲ್ಲಿ ಕ್ಯಾಂಪ್ಕೊ ಬಂತು. ಇದ್ರಿಂದ ಬೆಳೆಗಾರರಿಗೆ ಬಲ ಬಂತು. ಆದ್ರೆ ಪಹಣಿ ಗಂಡಸರ ಹೆಸರಲ್ಲಿ, ಹಂಗಾಗಿ ಖಾತೆಯೂ ಅವರ ಹೆಸರಲ್ಲೇ. ಚೊಗರು ಮಾತ್ರ ನಮ್ಮ ಬೆರಳಿಗೆ.

ಹೆಂಗಸರ ದುಡ್ಡು ಬೇರೆ ಕಡೆಯಿಂದ ಬರ್ತಿತ್ತು. ಮರದ ಬುಡದಲ್ಲಿ ಹೆಕ್ಕಿದ ಉದುರಡಿಕೆ, ಹಾಲು-ಮೊಸರು, ಸೀಗೆಕಾಯಿ, ವಾಟೆಹುಳಿ. ಅದನ್ನ ಮಾರಿದ ಚಿಲ್ಲರೆ ಸಾಸಿವೆ ಡಬ್ಬಿಗೆ ಹೋಗ್ತಿತ್ತು. ನಮ್ಮಜ್ಜಿ ಮಳೆಗಾಲದಲ್ಲಿ ನೋಟಿಗೆ ಬೂಷ್ಟು ಹಿಡೀತದೆ ಅಂತ ಡಬ್ಬಿನ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಬೂಷ್ಟಿಂದೇನೋ ಉಳಿಸಿದ್ರು, ಬೆಲೆ ಏರೋದರಿಂದ ಉಳಿಸೋಕೆ ಅಟ್ಟದ ಹೊಗೆಗೆ ಆಗಲಿಲ್ಲ. ಹತ್ತು ವರ್ಷ ಬಿಟ್ಟು ತೆಗೆದ್ರೆ ನೋಟು ಅಷ್ಟೇ, ಸಾಮಾನು ಅರ್ಧ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಎಷ್ಟು ಮನೆಯಲ್ಲಿ ಈ ಡಬ್ಬಿ ಕೆಳಗಿಳೀತು ಅಂತ ನಿಮಗೂ ಗೊತ್ತು. ಎಷ್ಟೋ ವರ್ಷದ ಗುಟ್ಟು ಎಲ್ಲರೆದುರು ಎಣಿಸಬೇಕಾಯ್ತು.

ಡಬ್ಬಿಗೆ ಬದಲಿ ಬಂದಿದ್ದು ಘಟ್ಟದ ಕೆಳಗಿಂದ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು. 1928ರಲ್ಲಿ ಅವರು ಪಿಗ್ಮಿ ಅಂತ ತಂದ್ರು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು, ಏಜೆಂಟರು ಮನೆಬಾಗಿಲಿಗೇ ಬಂದು ತಗೊಂಡು ಹೋಗ್ತಾರೆ. ದಿನಕ್ಕೆ ಎರಡಾಣೆ ಅಂದ್ರೆ ವರ್ಷಕ್ಕೆ 45 ರೂಪಾಯಿ 10 ಆಣೆ, ಮೇಲೆ ಬಡ್ಡಿ. ಪೇಟೆಗೆ ಹೋಗದ ಹೆಂಗಸಿಗೂ ಪಾಸ್‌ಪುಸ್ತಕ ಸಿಗೋ ದಾರಿ ಅದು. ಈಗಿನ ಎಸ್‌ಐಪಿಗೂ ಬುಡ ಇದೇ: ಸಣ್ಣ ಮೊತ್ತ, ತಪ್ಪದೆ, ಮನಸ್ಸು ಬದಲಾಗೋಕೆ ಮೊದಲೇ ಕೈಬಿಟ್ಟು ಹೋಗ್ಬೇಕು.

ನಮ್ಮಲ್ಲೇ ಒಂದು ಬ್ಯಾಂಕಿತ್ತು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಶೃಂಗೇರಿ ಶಾರದಾ ಬ್ಯಾಂಕ್. 1960ರಲ್ಲಿ ಅದು ಮಂಗಳೂರಿನ ಕರ್ಣಾಟಕ ಬ್ಯಾಂಕಿಗೆ ಸೇರಿಹೋಯ್ತು. ಅದೇ ವರ್ಷ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಚ್ಚಿ, ದುಡ್ಡಿಟ್ಟವರು ಬೀದಿಗೆ ಬಂದ್ರು. ಆಗ ಠೇವಣಿಗೆ ವಿಮೆ ಅನ್ನೋದೇ ಇರಲಿಲ್ಲ. 1962ರ ಜನವರಿಯಿಂದ ಅದು ಬಂತು, ಮೊದಲಿಗೆ ಒಬ್ಬರಿಗೆ 1,500 ರೂಪಾಯಿವರೆಗೆ. 1993ರಲ್ಲಿ 1 ಲಕ್ಷ, 2020ರ ಫೆಬ್ರವರಿಯಲ್ಲಿ 5 ಲಕ್ಷ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು-ಬಡ್ಡಿ ಎಲ್ಲ ಸೇರಿ ಇಷ್ಟು. ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಊರಿನ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಅರ್ಧ-ಒಂದು ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡ್ತಾರೆ ಅಂತ ಎಲ್ಲವನ್ನೂ ಒಂದೇ ಸೊಸೈಟಿಯಲ್ಲಿ ಇಡೋಕೆ ಮುಂಚೆ ಇದನ್ನ ನೆನಪಿಟ್ಕೊಳ್ಳಿ.

ಆಮೇಲೆ ದುಪ್ಪಟ್ಟಾಗೋ ಪತ್ರಗಳ ಕಾಲ. 1986ರಲ್ಲಿ ಇಂದಿರಾ ವಿಕಾಸ ಪತ್ರ, ಐದು ವರ್ಷಕ್ಕೆ ಡಬಲ್. 1988ರಲ್ಲಿ ಕಿಸಾನ್ ವಿಕಾಸ ಪತ್ರ, ಐದೂವರೆ ವರ್ಷಕ್ಕೆ ಡಬಲ್. ನಮ್ಮಮ್ಮ ಪೋಸ್ಟಾಫೀಸಿಂದ ತಂದ ಪತ್ರಗಳನ್ನ ಸೀರೆ ಮಡಿಕೆಯಲ್ಲಿ ಇಡ್ತಿದ್ರು. ಇಂದಿರಾ ಪತ್ರದ ಮೇಲೆ ಹೆಸರೇ ಇರ್ತಿರಲಿಲ್ಲ, ಕಳೆದ್ರೆ ನೋಟು ಕಳೆದ ಹಾಗೇ. ಈಗಿನ ಕಿಸಾನ್ ಪತ್ರ ಡಬಲ್ ಆಗೋಕೆ 2023ರ ಏಪ್ರಿಲ್‌ನಿಂದ 115 ತಿಂಗಳು ಬೇಕು, ಅಂದ್ರೆ ಒಂಬತ್ತೂವರೆ ವರ್ಷದ ಮೇಲೆ. ಒಂದು ಸುಲಭದ ಲೆಕ್ಕ ಹೇಳ್ತೀನಿ: 72ನ್ನ ಬಡ್ಡಿ ದರದಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಡಬಲ್ ಅಂತ ಸುಮಾರಾಗಿ ಸಿಗ್ತದೆ. ಯಾರಾದ್ರೂ "ಎರಡು ವರ್ಷಕ್ಕೆ ಡಬಲ್" ಅಂದ್ರೆ ವರ್ಷಕ್ಕೆ ಶೇ. 36 ಅಂತ ಅರ್ಥ. ಅಷ್ಟು ನಿಜವಾಗಿ ಯಾರು ಕೊಡ್ತಾರೆ? ಕಾಫಿ ಕೊಟ್ಟು ಕಳಿಸಿ.

ಪೇಟೆಯ ಕಡೆಗೂ ನಮ್ಮವರು ಆಗಲೇ ಕಾಲಿಟ್ಟಿದ್ರು. 1964ರಲ್ಲಿ ಶುರುವಾದ ಯುಎಸ್-64 ಯೂನಿಟ್‌ಗಳನ್ನ ದೇಶದ ತುಂಬ ಜನ ಬ್ಯಾಂಕಿನ ಠೇವಣಿ ಅಂತಲೇ ತಿಳಿದು ತಗೊಂಡಿದ್ರು. 2001ರ ಜುಲೈಯಲ್ಲಿ ಅದನ್ನ ವಾಪಸ್ ಕೊಳ್ಳೋದನ್ನ ನಿಲ್ಸಿದ್ರು, ಆಮೇಲೆ ಸರ್ಕಾರ ಕೈಹಿಡೀಬೇಕಾಯ್ತು. ಷೇರಿಗೆ ಹಾಕಿದ ದುಡ್ಡು ಏರ್ತದೆ, ಇಳೀತದೆ. ಏಳೆಂಟು ವರ್ಷ ಮುಟ್ಟೋದು ಬೇಡ ಅನ್ನೋ ದುಡ್ಡನ್ನ ಮಾತ್ರ ಅಲ್ಲಿಗೆ ಕಳಿಸ್ಬೇಕು.

ಈಗ ತೋಟದ ಮಾತು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಎಷ್ಟು ದಶಕದಿಂದ ತಿಂತಾ ಇದೆ ಅಂತ ಹೇಳೋದೇ ಬೇಡ. ಈಚೆಗೆ ಎಲೆಚುಕ್ಕಿಯೂ ಸೇರ್ಕೊಂಡಿದೆ. ಎನ್.ಆರ್. ಪುರದ ಕಡೆಯವರಿಗಂತೂ ಭದ್ರಾ ಹಿನ್ನೀರಿನಡಿ ಹೋದ ಊರು-ಗದ್ದೆಗಳ ನೆನಪಿದೆ. ನೆಲ ಶಾಶ್ವತ, ತೋಟ ಶಾಶ್ವತ ಅಂತ ನಾವು ಹೇಳೋ ಹಾಗಿಲ್ಲ. ಮಕ್ಕಳು ಬೆಂಗಳೂರಲ್ಲಿದ್ದಾರೆ. ಗಂಡ ಹೋದ ಮೇಲೆ, ಹಳದಿಯಾದ ತೋಟದ ಮನೆಯಲ್ಲಿ, ಮಾತ್ರೆಗೂ ಮಗನ ಫೋನು ಕಾಯೋ ದೊಡ್ಡಮ್ಮಂದಿರು ನಮ್ಮ ನಡುವೆ ಇಲ್ವಾ? ಅವರು ಜೀವಮಾನವಿಡೀ ಉಳಿಸಿದ್ದಾರೆ. ಅವರ ಹೆಸರಲ್ಲಿ ಉಳಿದಿಲ್ಲ, ಅಷ್ಟೇ.

ಹಂಗಾಗಿ ಶುರು ಇಲ್ಲಿಂದ. ಮೊದಲು ನಿಮ್ಮದೇ ಹೆಸರಲ್ಲಿ ಖಾತೆ, ಪ್ಯಾನ್, ಅದಕ್ಕೆ ನಿಮ್ಮದೇ ಫೋನ್ ನಂಬರ್. ಎರಡನೇದು, ಮೂರರಿಂದ ಆರು ತಿಂಗಳ ಮನೆಖರ್ಚು ಎಸ್‌ಬಿಯಲ್ಲೋ ಆರ್‌ಡಿಯಲ್ಲೋ ಇರಲಿ. ಮಳೆಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ, ಇದು ಹೊರಗೆ ಬೇರೆ ಯಾವುದಕ್ಕೂ ಅಲ್ಲ.

ಮೂರನೇದು ಪಿಂಚಣಿ. 18ರಿಂದ 40 ವರ್ಷದೊಳಗಿನವರಿಗೆ 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆ ಇದೆ. ಆದಾಯ ತೆರಿಗೆ ಕಟ್ಟೋರಿಗೆ 2022ರ ಅಕ್ಟೋಬರ್‌ನಿಂದ ಹೊಸದಾಗಿ ಸೇರೋಕೆ ಆಗಲ್ಲ. 60 ಆದ ಮೇಲೆ ತಿಂಗಳಿಗೆ 5,000 ಬೇಕಾದ್ರೆ 18ನೇ ವಯಸ್ಸಿಗೆ ಸೇರಿದವಳು ತಿಂಗಳಿಗೆ 210 ರೂಪಾಯಿ ಕಟ್ಟಬೇಕು, 30ಕ್ಕೆ ಸೇರಿದ್ರೆ 577, 40ಕ್ಕೆ ಸೇರಿದ್ರೆ 1,454. ತಡ ಮಾಡೋದರ ಬೆಲೆ ಇಷ್ಟು. ಮಗಳು ಕಾಲೇಜಿಗೆ ಹೋಗ್ತಿದ್ರೆ ಇವತ್ತೇ ಹೇಳಿ. ನಲವತ್ತು ದಾಟಿದವರು ಪಿಪಿಎಫ್ ಮಾಡಬಹುದು: 15 ವರ್ಷ, ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. 2020ರಿಂದ ಇರೋ ಶೇ. 7.1 ಬಡ್ಡಿ ಹೀಗೇ ಉಳಿದ್ರೆ, ತಿಂಗಳಿಗೆ 500ರ ಹಾಗೆ ಕಟ್ಟಿದ 90,000 ಒಂದೂವರೆ ಲಕ್ಷ ದಾಟ್ತದೆ. ಅರವತ್ತಾದವರಿಗೆ ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ.

ನಾಲ್ಕನೇದು ಎಸ್‌ಐಪಿ. ಇದು ಯಾಕೆ ಬೇಕು ಅಂದ್ರೆ, ಬೆಲೆ ವರ್ಷಕ್ಕೆ ಶೇ. 6 ಏರಿದ್ರೆ 12 ವರ್ಷಕ್ಕೆ ಎಲ್ಲ ಡಬಲ್, 36 ವರ್ಷಕ್ಕೆ ಎಂಟು ಪಟ್ಟು. ಆವತ್ತಿನ 5,000ದ ಪಿಂಚಣಿಗೆ ಇವತ್ತಿನ 625 ರೂಪಾಯಿ ಸಾಮಾನು ಬರ್ತದೆ. ಹಂಗಾಗಿ ಒಂದು ಪಾಲು ಬೆಳೆಯೋ ಕಡೆ ಇರ್ಬೇಕು. ಎಲ್ಲ ದೊಡ್ಡ ಕಂಪನಿಗಳ ಷೇರು ಸ್ವಲ್ಪ ಸ್ವಲ್ಪ ಇರೋ ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗೆ 500 ಹಾಕಿ, ಇಳಿದಾಗ ಹೆದರಿ ತೆಗೀಬೇಡಿ. ತೋಟದಲ್ಲಿ ಅಡಿಕೆ ಜೊತೆ ಕಾಳುಮೆಣಸು, ಬಾಳೆ, ಏಲಕ್ಕಿ ಇಡೋ ನಮಗೆ ಇದನ್ನ ಬೇರೆಯವರು ಕಲಿಸ್ಬೇಕಾಗಿಲ್ಲ.

ಕೊನೇದಾಗಿ, ಈ ವಾರ ಮನೆಯಲ್ಲಿರೋ ಎಲ್ಲ ಪಾಸ್‌ಪುಸ್ತಕ, ಬಾಂಡು, ಎಲ್‌ಐಸಿ ಪಾಲಿಸಿ ಹೊರಗೆ ತೆಗೆದು ನಾಮಿನಿ ಯಾರು ಅಂತ ನೋಡಿ. ಎಷ್ಟೋ ಕಡೆ ತೀರಿಹೋದ ಮಾವನವರ ಹೆಸರೇ ಇರ್ತದೆ. ಬದಲಾಯಿಸೋಕೆ ಒಂದು ಫಾರಂ ಸಾಕು. ಒಬ್ಬರೇ ಬ್ಯಾಂಕಿಗೆ ಹೋಗೋಕೆ ಸಂಕೋಚ ಆದ್ರೆ ಆಚೆಮನೆಯವರನ್ನೂ ಕರ್ಕೊಂಡು ಹೋಗಿ, ಅವರಿಗೂ ಅದೇ ಕೆಲಸ ಇರ್ತದೆ.