ಮೂವರು ಅಣ್ತಮ್ಮಂದಿರು, ಮೂರು ಸರ್‌ನೇಮ್: ಅಮೆರಿಕಕ್ಕೆ ಹೋದ ನಾರ್ವೆಯವರನ್ನ ಹುಡುಕೋದು ಹೇಗೆ?

ಇವತ್ತಿನ ಸಂಚಿಕೆಯಲ್ಲಿ ಒಂದು ಹುಡುಕಾಟದ ಕಥೆ. ಇನ್ನೂರು ವರ್ಷದಷ್ಟು ಹಳೇ ಕಥೆ, ಆದರೆ ಇವತ್ತಿಗೂ ಮುಗಿದಿಲ್ಲ.

1825ರ ಜುಲೈ ತಿಂಗಳು. ನಾರ್ವೆಯ ಸ್ಟವಾಂಗರ್ ಬಂದರಿನಿಂದ 'ರೆಸ್ಟೌರೇಷನ್' ಅನ್ನೋ ಪುಟ್ಟ ಹಾಯಿಹಡಗೊಂದು ಹೊರಡುತ್ತೆ. ಅದರಲ್ಲಿ ಇದ್ದದ್ದು 52 ಜನ. ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ತಲುಪಿದಾಗ ಲೆಕ್ಕ 53 ಆಗಿತ್ತು. ದಾರಿಯಲ್ಲೇ ಒಂದು ಮಗು ಹುಟ್ಟಿತ್ತು! ಅಷ್ಟು ಸಣ್ಣ ಹಡಗಲ್ಲಿ ಅಷ್ಟೊಂದು ಜನರನ್ನ ತುಂಬಿಸಿದ್ದು ಕಾನೂನಿಗೆ ವಿರುದ್ಧ ಅಂತ ಅಮೆರಿಕದ ಅಧಿಕಾರಿಗಳು ದಂಡ ಹಾಕಿದ್ರು. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅದನ್ನ ಮನ್ನಾ ಮಾಡಬೇಕಾಯ್ತು. ನಾರ್ವೆಯಿಂದ ಅಮೆರಿಕಕ್ಕೆ ಗುಂಪಾಗಿ ವಲಸೆ ಹೋಗೋದು ಶುರುವಾಗಿದ್ದು ಹೀಗೆ.

ಮುಂದಿನ ನೂರು ವರ್ಷದಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಹೊರಟುಹೋದ್ರು. 1865ರಲ್ಲಿ ಇಡೀ ನಾರ್ವೆಯ ಜನಸಂಖ್ಯೆ ಇದ್ದಿದ್ದೇ ಸುಮಾರು 17 ಲಕ್ಷ. ಅಂದ್ರೆ ಆ ಸಂಖ್ಯೆ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ. ಯಾಕೆ ಹೋದ್ರು? ಆ ದೇಶದಲ್ಲಿ ಬೆಟ್ಟ, ಕಾಡು, ಬಂಡೆ ಬಿಟ್ಟರೆ ಉಳುವ ನೆಲ ತೀರಾ ಕಮ್ಮಿ. ಜಮೀನು ಸಾಮಾನ್ಯವಾಗಿ ಹಿರಿಮಗನಿಗೆ ಹೋಗ್ತಿತ್ತು. ಉಳಿದವರು ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕ್ಕೊಂಡು ದುಡಿಯಬೇಕು, ಇಲ್ಲಾ ಹಡಗು ಹತ್ತಬೇಕು.

ನಾರ್ವೆಯಲ್ಲಿ 'ಬಿಗ್ಡೆಬೂಕ್' ಅಂತ ಒಂದು ಬಗೆಯ ಪುಸ್ತಕ ಇದೆ. ಒಂದೊಂದು ಸೀಮೆಗೂ ಒಂದೊಂದು. ಆ ಸೀಮೆಯ ಪ್ರತಿಯೊಂದು ಜಮೀನು, ಅಲ್ಲಿ ತಲೆತಲಾಂತರದಿಂದ ಬಾಳಿದ ಮನೆಮಂದಿ, ಅವರ ಮಕ್ಕಳು, ಎಲ್ಲಾ ಸಾಲಾಗಿ ಬರೆದಿರುತ್ತಾರೆ. ಹಿರಿಮಗನ ಬಗ್ಗೆ ಅರ್ಧ ಪುಟ ಇರುತ್ತೆ. ಕೆಳಗೆ ತಮ್ಮನ ಹೆಸರು, ಅದರ ಮುಂದೆ 'ಅಮೆರಿಕಕ್ಕೆ ಹೋದ' ಅಂತ ಅಷ್ಟೇ. ತಂಗಿಯ ಹೆಸರಿನ ಮುಂದೆ 'ಅಮೆರಿಕಕ್ಕೆ ಹೋದಳು'. ಅಲ್ಲಿಗೆ ಮುಗೀತು. ಆಮೇಲೆ ಅವರು ಬದುಕಿದ್ರಾ, ಮದುವೆ ಆಯ್ತಾ, ಮಕ್ಕಳಾದ್ರಾ? ಕಾಗದ ಬರ್ತಾ ಇರೋವರೆಗೂ ಮನೆಯವರಿಗೆ ಗೊತ್ತಿತ್ತು. ಕಾಗದ ನಿಂತ ಮೇಲೆ ಏನೂ ಇಲ್ಲ.

ಸರಿ, ಇವತ್ತು ಇಂಟರ್ನೆಟ್ ಇದೆ, ಹೆಸರು ಹಾಕಿ ಸರ್ಚ್ ಮಾಡಿದ್ರೆ ಆಯ್ತಲ್ಲ ಅಂತೀರಾ? ಕಷ್ಟ ಶುರುವಾಗೋದೇ ಅಲ್ಲಿ.

ಆ ಕಾಲದ ನಾರ್ವೆಯ ಹಳ್ಳಿಗರಿಗೆ ಸರ್‌ನೇಮೇ ಇರಲಿಲ್ಲ. ಲಾರ್ಸ್ ಅನ್ನೋನ ಮಗ ಓಲೆ ಆದ್ರೆ 'ಓಲೆ ಲಾರ್ಸನ್', ಲಾರ್ಸನ ಮಗ ಅಂತ. ಮಗಳು ಗೂರಿ ಆದ್ರೆ 'ಗೂರಿ ಲಾರ್ಸ್‌ಡಾಟರ್'. ಓಲೆಗೆ ಮಗ ಹುಟ್ಟಿದ್ರೆ ಆ ಮಗ ಓಲ್ಸನ್ ಆಗ್ತಾನೆ, ಲಾರ್ಸನ್ ಅಲ್ಲ. ಇದರ ಜೊತೆಗೆ ಜಮೀನಿನ ಹೆಸರು. ಬಕ್ಕೆ ಅನ್ನೋ ಜಮೀನಿನಲ್ಲಿದ್ರೆ 'ಓಲೆ ಲಾರ್ಸನ್ ಬಕ್ಕೆ'. ನಮ್ಮವರಿಗೆ ಇದು ಅರ್ಥ ಆಗೋದು ಕಷ್ಟ ಅಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅಂದಾಗ ಊರು, ಅಪ್ಪ, ಆಮೇಲೆ ತನ್ನ ಹೆಸರು ಅಂತ ನಮಗೆ ತಕ್ಷಣ ತಿಳಿಯುತ್ತಲ್ಲ, ಹಾಗೇ. ಒಂದೇ ವ್ಯತ್ಯಾಸ. ನಾರ್ವೆಯಲ್ಲಿ ಜಮೀನಿನ ಹೆಸರು ಅಂದ್ರೆ ವಿಳಾಸ ಇದ್ದ ಹಾಗೆ. ಓಲೆ ಬಕ್ಕೆ ಬಿಟ್ಟು ಹೌಗೆನ್ ಅನ್ನೋ ಜಮೀನಿಗೆ ಹೋದ್ರೆ ಅವನು 'ಓಲೆ ಲಾರ್ಸನ್ ಹೌಗೆನ್' ಆಗ್ತಾನೆ. ಎಲ್ಲರೂ ಒಂದು ಖಾಯಂ ಸರ್‌ನೇಮ್ ಇಟ್ಕೊಳ್ಳಬೇಕು ಅಂತ ನಾರ್ವೆಯಲ್ಲಿ ಕಾನೂನು ಬಂದಿದ್ದು 1923ರಲ್ಲಿ.

ಈಗ ಇದೇ ಲಾರ್ಸನ ಮೂವರು ಗಂಡುಮಕ್ಕಳು ಅಮೆರಿಕಕ್ಕೆ ಹೋದ್ರು ಅಂತ ಇಟ್ಕೊಳ್ಳಿ. ಅಲ್ಲಿ ಸರ್‌ನೇಮ್ ಕೇಳ್ತಾರೆ. ಮೊದಲನೆಯವನು ಲಾರ್ಸನ್ ಅಂದ. ಎರಡನೆಯವನು ಬಕ್ಕೆ ಅಂದ. ಮೂರನೆಯವನು, ಬಕ್ಕೆ ಅಂದ್ರೆ ದಿಬ್ಬ ತಾನೇ ಅಂತ, 'ಹಿಲ್' ಅಂತ ಬರೆಸಿದ. ಒಂದೇ ತಾಯಿಯ ಮಕ್ಕಳು, ಮೂರು ಸರ್‌ನೇಮ್. ತಂಗಿ ಗೂರಿ ಜೂಲಿಯಾ ಆಗಿ, ಮದುವೆಯಾಗಿ ಗಂಡನ ಹೆಸರು ಇಟ್ಕೊಂಡ್ರೆ, ಅವಳ ಹಳೇ ಹೆಸರಿನ ಒಂದಕ್ಷರವೂ ಉಳಿಯೋದಿಲ್ಲ.

ಎಲ್ಲಿಸ್ ಐಲೆಂಡಿನ ಅಧಿಕಾರಿಗಳು ವಲಸಿಗರ ಹೆಸರು ಬದಲಾಯಿಸಿಬಿಟ್ರು ಅಂತ ತುಂಬಾ ಜನ ಹೇಳ್ತಾರೆ. ಅದು ನಿಜ ಅಲ್ಲ. ಪ್ರಯಾಣಿಕರ ಪಟ್ಟಿ ತಯಾರಾಗ್ತಿದ್ದದ್ದು ಹಡಗು ಹೊರಡುವ ಕಡೆ. ಎಲ್ಲಿಸ್ ಐಲೆಂಡಿನಲ್ಲಿ ಇದ್ದದ್ದನ್ನ ನೋಡಿ ಟಿಕ್ ಹಾಕ್ತಿದ್ರು ಅಷ್ಟೇ. ಮೇಲಾಗಿ ಆ ಕೇಂದ್ರ ತೆರೆದಿದ್ದು 1892ರಲ್ಲಿ. ಅಷ್ಟು ಹೊತ್ತಿಗೆ ಲಕ್ಷಾಂತರ ನಾರ್ವೆಯವರು ಬಂದು ಬೇಸಾಯ ಶುರು ಮಾಡಿ ಆಗಿತ್ತು. ಹೆಸರನ್ನ ಬದಲಾಯಿಸಿಕೊಂಡವರು ಬಹುಪಾಲು ಅವರೇ.

ಹಾಗಾಗಿ ಹುಡುಕೋರು ಹಿಡಿಯಬೇಕಾದ ದಾರ ಜಮೀನಿನ ಹೆಸರು, ಸೀಮೆಯ ಹೆಸರು. ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ 1857ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದವರು. ಅವರ ತಂದೆ ತಾಯಿ 1847ರಲ್ಲಿ ನಾರ್ವೆಯ ವಾಲ್ಡ್ರೆಸ್ ಸೀಮೆಯಿಂದ ಬಂದವರು. ತಂದೆಯ ಹೆಸರು ಥಾಮಸ್ ಆಂಡರ್ಸನ್ ವೆಬ್ಲೆನ್. ಆಂಡರ್ಸನ್ ಅಂತ ಹುಡುಕಿದ್ರೆ ಸಮುದ್ರದಲ್ಲಿ ಸೂಜಿ ಹುಡುಕಿದ ಹಾಗೆ. ವೆಬ್ಲೆನ್ ಅಂದ್ರೆ ಜಮೀನಿನ ಹೆಸರು, ಸೀದಾ ವಾಲ್ಡ್ರೆಸ್‌ಗೆ ಕರ್ಕೊಂಡು ಹೋಗುತ್ತೆ. 1977ರಲ್ಲಿ ಅಮೆರಿಕದ ಉಪಾಧ್ಯಕ್ಷರಾದ ವಾಲ್ಟರ್ ಮಾಂಡೇಲ್ ಅವರ ಸರ್‌ನೇಮ್ ಕೂಡ ಹಾಗೇ. ಅದು ಪಶ್ಚಿಮ ನಾರ್ವೆಯ ಮುಂಡಾಲ್ ಅನ್ನೋ ಊರು.

ಈಗ ದಾಖಲೆಗಳಿಗೆ ಬರೋಣ. ನಾರ್ವೆಯ ಕಡೆ ಮೊದಲು ನೋಡಬೇಕಾದ್ದು ಚರ್ಚ್ ಪುಸ್ತಕ. ಹುಟ್ಟು, ಮದುವೆ, ಸಾವು ಮಾತ್ರ ಅಲ್ಲ, ಊರು ಬಿಟ್ಟು ಹೋದವರ ಪಟ್ಟಿಯನ್ನೂ ಪಾದ್ರಿಗಳು ಇಡ್ತಿದ್ರು. 1860ರ ದಶಕದ ಕೊನೆಯಿಂದ ಪೊಲೀಸರ ವಲಸೆ ಪುಸ್ತಕಗಳೂ ಸಿಗ್ತವೆ. ಈಗಿನ ಓಸ್ಲೋ, ಅಂದರೆ ಆಗಿನ ಕ್ರಿಸ್ಟಿಯಾನಿಯಾದ ಪುಸ್ತಕ 1867ರಿಂದ ಇದೆ. ಹೆಸರು, ವಯಸ್ಸು, ಯಾವ ಊರು, ಎಲ್ಲಿಗೆ ಹೊರಟಿದ್ದಾರೆ, ಎಲ್ಲಾ ಅದರಲ್ಲಿ ಬರುತ್ತೆ. ಜನಗಣತಿಯೂ ಇದೆ: 1865, 1875, 1900, 1910. ನಾರ್ವೆಯ ರಾಷ್ಟ್ರೀಯ ಪತ್ರಾಗಾರ ಇವನ್ನೆಲ್ಲ 'ಡಿಜಿಟಲ್‌ಆರ್ಕೀವೆಟ್' ಅನ್ನೋ ತಾಣದಲ್ಲಿ ಹಾಕಿದೆ. ಪೂರ್ತಿ ಉಚಿತ, ಫೋನಲ್ಲೇ ನೋಡಬಹುದು. ಇನ್ನೊಂದು ವಿಷಯ, 1910ರ ಗಣತಿಯಲ್ಲಿ ಅಮೆರಿಕಕ್ಕೆ ಹೋಗಿ ವಾಪಸ್ ಬಂದವರಿಗೇ ಬೇರೆ ಪ್ರಶ್ನೆಗಳಿದ್ವು. ಹೋದವರೆಲ್ಲ ಅಲ್ಲೇ ಉಳಿದ್ರು ಅಂತ ತಿಳಿಯೋ ಹಾಗಿಲ್ಲ.

ಅಮೆರಿಕದ ಕಡೆ ಎರಡು ದೊಡ್ಡ ಗುಂಡಿಗಳಿವೆ. ಒಂದು, 1850ರಿಂದ ಸುಮಾರು ಹದಿನೈದು ವರ್ಷ ನಾರ್ವೆಯ ಹಡಗುಗಳು ಬಹುಪಾಲು ಹೋಗ್ತಿದ್ದದ್ದು ಕೆನಡಾದ ಕ್ವಿಬೆಕ್‌ಗೆ. ಅಲ್ಲಿಂದ ಜನ ವಿಸ್ಕಾನ್ಸಿನ್, ಮಿನೆಸೋಟಾ ಕಡೆ ಹೋಗ್ತಿದ್ರು. ಕ್ವಿಬೆಕ್‌ನ ಪ್ರಯಾಣಿಕರ ಪಟ್ಟಿಗಳು ಉಳಿದಿರೋದು 1865ರಿಂದ ಈಚೆಗೆ. ಹಾಗಾಗಿ 1857ರಲ್ಲಿ ಬಂದವರನ್ನ ನ್ಯೂಯಾರ್ಕ್ ಪಟ್ಟಿಯಲ್ಲಿ ವರ್ಷಗಟ್ಟಲೆ ಹುಡುಕಿದ್ರೂ ಸಿಗೋದು ಕಷ್ಟ. ಎರಡನೆಯದು, 1890ರ ಅಮೆರಿಕದ ಜನಗಣತಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದಾಗ ಅದು ಹಾಳಾಯ್ತು. ನಾರ್ವೆಯಿಂದ ಅತಿ ಹೆಚ್ಚು ಜನ ಹೋಗಿದ್ದು 1880ರ ದಶಕದಲ್ಲಿ. ಅವರು ನೆಲೆ ನಿಂತಿದ್ದು ಎಲ್ಲಿ ಅಂತ ಹೇಳಬೇಕಿದ್ದ ಗಣತಿಯೇ ಇಲ್ಲವಾಯ್ತು.

ಆ ಗುಂಡಿ ದಾಟಿಸೋದು 1900ರ ಗಣತಿ. ಯಾವ ವರ್ಷ ಅಮೆರಿಕಕ್ಕೆ ಬಂದಿರಿ ಅಂತ ಅದರಲ್ಲಿ ಕೇಳ್ತಾರೆ. ಹೆಂಗಸರಿಗೆ ಇನ್ನೂ ಎರಡು ಪ್ರಶ್ನೆ: ಎಷ್ಟು ಮಕ್ಕಳನ್ನ ಹೆತ್ತಿರಿ? ಅದರಲ್ಲಿ ಎಷ್ಟು ಜನ ಬದುಕಿದ್ದಾರೆ? ಒಂದು ಸಾಲಲ್ಲಿ 'ಒಂಬತ್ತು, ಐದು' ಅಂತ ಬರೆದಿದ್ರೆ, ನಾಲ್ಕು ಮಕ್ಕಳನ್ನ ಕಳಕೊಂಡ ತಾಯಿ ಅಂತ ಅರ್ಥ. ಊರಿನ ಪುಸ್ತಕದಲ್ಲಿ 'ಅಮೆರಿಕಕ್ಕೆ ಹೋದಳು' ಅಂತ ನಿಂತುಹೋದ ಸಾಲಿನ ಮುಂದಿನ ಮಾತು ಅದೇ ಇರಬಹುದು.

ಆಮೇಲೆ ಜಮೀನಿನ ಕಡತ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ವಾಸ ಮಾಡಿ ಉಳುಮೆ ಮಾಡಿದವರಿಗೆ ಸರ್ಕಾರ 160 ಎಕರೆ ಕೊಡ್ತಿತ್ತು. ಅರ್ಜಿದಾರ ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲಾ ಪ್ರಜೆ ಆಗ್ತೀನಿ ಅಂತ ಬರೆದುಕೊಟ್ಟಿರಬೇಕು. ಹಾಗಾಗಿ ಆ ಕಡತದಲ್ಲಿ ಪೌರತ್ವದ ಕಾಗದ, ಕಟ್ಟಿದ ಮನೆಯ ವಿವರ, ಸಾಕ್ಷಿ ಹಾಕಿದ ಅಕ್ಕಪಕ್ಕದವರ ಹೆಸರು ಎಲ್ಲಾ ಸಿಗುತ್ತೆ. ಆ ಅಕ್ಕಪಕ್ಕದವರು ಎಷ್ಟೋ ಸಲ ಅದೇ ನಾರ್ವೆ ಸೀಮೆಯವರು, ಕೆಲವೊಮ್ಮೆ ಬೇರೆ ಸರ್‌ನೇಮ್ ಇರೋ ಸ್ವಂತ ಅಣ್ಣನೇ. ಇನ್ನೊಂದು ಮಾತು. ಈ ಜಮೀನುಗಳು ಖಾಲಿ ಬಿದ್ದಿರಲಿಲ್ಲ, ಡಕೋಟಾ ಮುಂತಾದ ಮೂಲನಿವಾಸಿಗಳ ನೆಲ. ಅವರನ್ನ ಎಬ್ಬಿಸಿದ ಮೇಲೆ ಹಂಚಿದ್ದು. ವಲಸಿಗನ ಕಡತ ಅದನ್ನ ಹೇಳೋದಿಲ್ಲ, ಓದುವವರು ನೆನಪಿಟ್ಟುಕೊಳ್ಳಬೇಕು.

ಪೌರತ್ವದ ಕಾಗದದಲ್ಲಿ 'ಸ್ವೀಡನ್ ಮತ್ತು ನಾರ್ವೆಯ ರಾಜನ ಮೇಲಿನ ನಿಷ್ಠೆ ಬಿಟ್ಟೆ' ಅಂತ ಕಂಡ್ರೆ ಗಾಬರಿ ಬೇಡ. 1905ರವರೆಗೆ ಎರಡೂ ದೇಶಕ್ಕೆ ಒಬ್ಬನೇ ರಾಜ. ನಿಮ್ಮ ಓಲೆ ಸ್ವೀಡನ್‌ನವನು ಅಂತ ಅದರಿಂದ ತೀರ್ಮಾನಿಸೋಕೆ ಆಗಲ್ಲ.

ಕೊನೆಗೆ ಊರಿನ ಹೆಸರು ಸಿಗೋದು ಹೆಚ್ಚಾಗಿ ಎಲ್ಲಿ ಗೊತ್ತಾ? ಸರ್ಕಾರಿ ಕಾಗದದಲ್ಲಿ ಬರೀ 'ನಾರ್ವೆ' ಅಂತ ಇರುತ್ತೆ. ಅಮೆರಿಕದ ನಾರ್ವೇಜಿಯನ್ ಲೂಥರನ್ ಚರ್ಚ್‌ಗಳ ಪುಸ್ತಕದಲ್ಲಿ ಸೀಮೆ, ಕೆಲವೊಮ್ಮೆ ಜಮೀನು ಕೂಡ ಇರುತ್ತೆ. ಪಾದ್ರಿಗೆ ಊರು ಅಂದ್ರೆ ಏನು ಅಂತ ಗೊತ್ತಿತ್ತು. ಅಯೋವಾದ ಡಿಕೋರಾ ಪಟ್ಟಣದಿಂದ 1874ರಿಂದ 1972ರವರೆಗೆ ಬಂದ 'ಡಿಕೋರಾ ಪೋಸ್ಟೆನ್' ಪತ್ರಿಕೆಯ ನಿಧನ ವಾರ್ತೆಗಳೂ ಹಾಗೇ. ಒಂದೇ ಸೀಮೆಯಿಂದ ಬಂದವರು ಕಟ್ಟಿಕೊಂಡ 'ಬಿಗ್ಡೆಲಾಗ್' ಸಂಘಗಳೂ ಇದ್ವು. ಮೊದಲು ಕಟ್ಟಿದವರು ವಾಲ್ಡ್ರೆಸ್‌ನವರು. ಅದರಲ್ಲಿ ಮುಂದೆ ನಿಂತವರು ಥಾರ್‌ಸ್ಟೈನ್ ಅವರ ಅಣ್ಣ ಆಂಡ್ರ್ಯೂ ವೆಬ್ಲೆನ್. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಇವತ್ತಿಗೂ ಇಂಥ ದಾಖಲೆಗಳಿಗೇ ಮೀಸಲಾದ ವಂಶಾವಳಿ ಕೇಂದ್ರ ಇದೆ.

ಎರಡೂ ದಡದ ಕಾಗದ ಒಂದೇ ಮನುಷ್ಯನದು ಅಂತ ಖಚಿತ ಮಾಡ್ಕೊಳ್ಳೋಕೆ ಮಕ್ಕಳ ಹೆಸರು ನೋಡಿ. ಮೊದಲ ಗಂಡುಮಗುವಿಗೆ ತಂದೆಯ ತಂದೆ ಹೆಸರು, ಎರಡನೆಯದಕ್ಕೆ ತಾಯಿಯ ತಂದೆ ಹೆಸರು ಇಡೋದು ನಾರ್ವೆಯ ವಾಡಿಕೆ. ಸರ್‌ನೇಮ್ 'ಹಿಲ್' ಆಗಿದ್ರೂ ಹಿರಿಮಗನ ಹೆಸರು ಲೂಯಿಸ್ ಆಗಿದ್ರೆ ಅಲ್ಲಿ ಅಜ್ಜ ಲಾರ್ಸ್ ಇರಬಹುದು. ಹುಟ್ಟಿದ ದಿನಾಂಕ, ಅಣ್ಣತಮ್ಮಂದಿರ ಹೆಸರು, ಹೊರಟ ವರ್ಷ, ಮೂರೂ ಕೂಡಿಬಂದ್ರೆ ಮಾತ್ರ ನಂಬಿ. ಬರೀ ಹೆಸರು ಸೇರಿದ್ರೆ ಅದು ಸಾಕ್ಷಿ ಅಲ್ಲ. ಓಲೆ ಓಲ್ಸನ್‌ಗಳು ಸಾವಿರಾರು ಜನ ಇದ್ರು, ಕೆಲವು ಹಡಗಲ್ಲಿ ಒಬ್ಬರಿಗಿಂತ ಹೆಚ್ಚೇ.

ಇಷ್ಟೆಲ್ಲ ಆದಮೇಲೆ ಒಂದು ದಿನ ನಾರ್ವೆಯ ಯಾವುದೋ ಕೊಲ್ಲಿಯ ದಡದಲ್ಲಿರೋ ಮನೆಗೆ ಮಿನೆಸೋಟಾದಿಂದ ಒಂದು ಮೇಲ್ ಬರುತ್ತೆ: ನಿಮ್ಮ ಮುತ್ತಜ್ಜ, ನಮ್ಮ ಮುತ್ತಜ್ಜಿ ಅಣ್ಣ ತಂಗಿ. ಆ ಮನೆಯವರು ಕಪಾಟಿಂದ ಬಿಗ್ಡೆಬೂಕ್ ತೆಗೆದು ಆ ಪುಟ ಹುಡುಕ್ತಾರೆ. 'ಅಮೆರಿಕಕ್ಕೆ ಹೋದಳು' ಅನ್ನೋದರ ಪಕ್ಕ ಪೆನ್ಸಿಲಲ್ಲಿ ಬರೆಯೋಕೆ ಈಗ ಒಂದಷ್ಟು ವಿಷಯ ಇದೆ.