ಮನೆ ಕೊಟ್ಟರು, ಶಾಲೆ?

ಬಡವರಿಗೆ ಸರ್ಕಾರ ಮನೆ ಕಟ್ಟಿಕೊಡ್ತು ಅಂದ್ರೆ ಚಪ್ಪಾಳೆ ಹೊಡೀತೀವಿ. ಎಲ್ಲಿ ಕಟ್ಟಿದ್ರು, ಪಕ್ಕದಲ್ಲಿ ಎಂಥ ಶಾಲೆ ಇದೆ ಅಂತ ಕೇಳೋದೇ ಇಲ್ಲ. ಅಮೆರಿಕದ ಶಿಕಾಗೋ ಕಥೆ ನೋಡಿ.

1962ರಲ್ಲಿ ಅಲ್ಲಿ ರಾಬರ್ಟ್ ಟೇಲರ್ ಹೋಮ್ಸ್ ಪೂರ್ತಿಯಾಯ್ತು. 16 ಮಹಡಿಯ 28 ಕಟ್ಟಡಗಳು, 4,000ಕ್ಕೂ ಹೆಚ್ಚು ಮನೆಗಳು. ಬಾಡಿಗೆ ಕಡಿಮೆ. ಇದ್ದವರು ಹೆಚ್ಚೂಕಡಿಮೆ ಎಲ್ಲರೂ ಕಪ್ಪು ಜನ, ಅವರಲ್ಲೂ ಮಕ್ಕಳೇ ಜಾಸ್ತಿ. ಬಿಳಿಯರ ಬಡಾವಣೆಯಲ್ಲಿ ಇಂಥ ಮನೆ ಕಟ್ಟೋಕೆ ಅಲ್ಲಿನ ಕೌನ್ಸಿಲರ್‌ಗಳು ಬಿಡಲಿಲ್ಲ.

ಇನ್ನು ಶಾಲೆ. ಆಗ ಕಪ್ಪು ಜನರ ಬಡಾವಣೆಗಳ ಶಾಲೆಗಳು ತುಂಬಿ ತುಳುಕುತ್ತಿದ್ದವು. ಕೆಲವು ಕಡೆ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು. ಹತ್ತಿರದ ಬಿಳಿಯರ ಶಾಲೆಗಳಲ್ಲಿ ಬೆಂಚು ಖಾಲಿ! ನಗರದ ಶಾಲಾ ಮುಖ್ಯಸ್ಥ ಬೆಂಜಮಿನ್ ವಿಲ್ಲಿಸ್ ಏನು ಮಾಡಿದ್ರು ಗೊತ್ತಾ? ಮಕ್ಕಳನ್ನ ಅಲ್ಲಿಗೆ ಕಳಿಸೋ ಬದಲು ತುಂಬಿದ ಶಾಲೆಯ ಅಂಗಳದಲ್ಲೇ ಟ್ರೈಲರ್ ತಂದು ನಿಲ್ಲಿಸಿದ್ರು. ಜನ ಅದಕ್ಕೆ 'ವಿಲ್ಲಿಸ್ ವ್ಯಾಗನ್' ಅಂತ ಹೆಸರಿಟ್ಟರು. 1963ರ ಅಕ್ಟೋಬರ್ 22ರಂದು 2 ಲಕ್ಷಕ್ಕೂ ಹೆಚ್ಚು ಮಕ್ಕಳು ಶಾಲೆಗೇ ಹೋಗಲಿಲ್ಲ.

ನಮ್ಮಲ್ಲಿ ಸರ್ಕಾರಿ ಮೇಷ್ಟ್ರ ಸಂಬಳ ಬೆಂಗಳೂರಾದ್ರೂ ಬೀದರ್ ಆದ್ರೂ ರಾಜ್ಯದ ಬೊಕ್ಕಸದಿಂದ ಬರುತ್ತೆ. ಅಲ್ಲಿ ಹಾಗಲ್ಲ. ಶಾಲೆಯ ದುಡ್ಡಿನಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯದು. ಮನೆಗಳ ಬೆಲೆ ಹೆಚ್ಚಿರೋ ಉಪನಗರದಲ್ಲಿ ಶಾಲೆಯೂ ಶ್ರೀಮಂತ.

1966ರಲ್ಲಿ ಡೊರೊಥಿ ಗೌಟ್ರೋ ಎಂಬ ಮಹಿಳೆ ಮತ್ತು ಇತರ ಬಾಡಿಗೆದಾರರು ಕೋರ್ಟಿಗೆ ಹೋದರು. ಆಕೆ 1968ರಲ್ಲಿ ತೀರಿಕೊಂಡರು. ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 1976ರಲ್ಲಿ. ಆಮೇಲೆ 1998ರವರೆಗೆ ಸುಮಾರು 7,000 ಕುಟುಂಬಗಳು ಸರ್ಕಾರದ ಬಾಡಿಗೆ ಚೀಟಿ ಹಿಡಿದು ಬೇರೆ ಕಡೆ ಹೋದವು. ಸಮಾಜಶಾಸ್ತ್ರಜ್ಞ ಜೇಮ್ಸ್ ರೋಸನ್‌ಬಾಮ್ ಲೆಕ್ಕ ಹಾಕಿದಾಗ ಉಪನಗರಕ್ಕೆ ಹೋದ ಮಕ್ಕಳಲ್ಲಿ 54% ಕಾಲೇಜು ಮೆಟ್ಟಿಲು ಹತ್ತಿದ್ದರು. ನಗರದಲ್ಲೇ ಉಳಿದವರಲ್ಲಿ 21%.

ಹುಷಾರಾಗಿದ್ದ ಮನೆಯವರೇ ಉಪನಗರಕ್ಕೆ ಹೋಗಿರಬಹುದಲ್ವಾ? ಎಂಜಿನಿಯರಿಂಗ್ ಓದಿದ ನನಗೆ ಮೊದಲು ಬಂದ ಅನುಮಾನ ಇದೇ. ಉತ್ತರಕ್ಕೆ 1994ರಿಂದ ಐದು ನಗರಗಳ ಸುಮಾರು 4,600 ಕುಟುಂಬಗಳ ನಡುವೆ ಲಾಟರಿ ಎತ್ತಿದ್ರು. ಶುರುವಿನಲ್ಲಿ ಪರೀಕ್ಷೆ ಅಂಕ ಏರಲೇ ಇಲ್ಲ. ಮನೆ ಬದಲಾದ್ರೂ ಎಷ್ಟೋ ಮಕ್ಕಳ ಶಾಲೆ ಅಷ್ಟೇನೂ ಬದಲಾಗಿರಲಿಲ್ಲ. ಆದರೆ ಇಪ್ಪತ್ತು ವರ್ಷದ ನಂತರ ರಾಜ್ ಚೆಟ್ಟಿ ಮತ್ತು ಜೊತೆಗಾರರು ನೋಡಿದಾಗ, 13 ತುಂಬೋ ಮೊದಲೇ ಒಳ್ಳೆ ಬಡಾವಣೆಗೆ ಹೋದವರು ಹೆಚ್ಚು ಕಾಲೇಜು ಸೇರಿದ್ದರು, ದುಡಿಮೆ 31% ಜಾಸ್ತಿ ಇತ್ತು. 13 ದಾಟಿ ಹೋದವರಿಗೆ ಲಾಭವಾಗಲಿಲ್ಲ.

ರಾಬರ್ಟ್ ಟೇಲರ್ ಹೋಮ್ಸ್‌ನ ಕೊನೇ ಕಟ್ಟಡ 2007ರಲ್ಲಿ ನೆಲಕ್ಕುರುಳಿತು. ಅಲ್ಲಿಂದ ಹೊರಟವರ ಕೈಗೂ ಬಾಡಿಗೆ ಚೀಟಿ ಸಿಕ್ತು. ಬಹಳಷ್ಟು ಜನ ಹೋಗಿ ಸೇರಿದ್ದು ಮತ್ತೊಂದು ಬಡ ಕಪ್ಪು ಬಡಾವಣೆಗೇ.