ಕೋಶಪೊರೆಯ ಬಾಗು ಮತ್ತು ಪ್ರೋಟೀನುಗಳ ನೆಲೆ

ಜೀವಕೋಶದ ಪೊರೆಯು ಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಪದರಗಳಿಂದಾದ, ಸುಮಾರು 5 ನ್ಯಾನೋಮೀಟರ್ ದಪ್ಪದ ಹೊದಿಕೆ. ಕೋಶದ ಹೊರಮೈಯಲ್ಲಿ ಇದು ಬಹುಮಟ್ಟಿಗೆ ಸಮತಟ್ಟಾಗಿ ಕಂಡರೂ, ಒಳಗಿನ ಕಿರುಚೀಲಗಳಲ್ಲಿ ತೀವ್ರವಾಗಿ ಬಾಗಿರುತ್ತದೆ. ನರತುದಿಗಳಲ್ಲಿ ರಾಸಾಯನಿಕ ಸಂದೇಶವನ್ನು ಹೊರುವ ಕಿರುಚೀಲಗಳ ವ್ಯಾಸ ಸುಮಾರು 40 ನ್ಯಾನೋಮೀಟರ್ ಮಾತ್ರ. ಕೆಲವು ಪ್ರೋಟೀನುಗಳು ಎಲ್ಲಿ ಗುಂಪುಗೂಡುತ್ತವೆ ಎಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಈ ಬಾಗೂ ಒಂದು.

ಇಂತಹ ಪ್ರೋಟೀನುಗಳಿಗೆ ಕೋಶದ ಕಿಣ್ವಗಳು ಲಿಪಿಡ್ ಬಾಲವನ್ನು ಜೋಡಿಸಿರುತ್ತವೆ. ದೋಣಿಗೆ ಲಂಗರಿನಂತೆ, ಈ ಬಾಲವು ಪ್ರೋಟೀನನ್ನು ಪೊರೆಗೆ ಹಿಡಿದಿಡುತ್ತದೆ. ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಎನ್-ರಾಸ್ ಪ್ರೋಟೀನಿಗೆ 15 ಇಂಗಾಲದ ಫಾರ್ನೆಸಿಲ್ ಹಾಗೂ 16 ಇಂಗಾಲದ ಪಾಮಿಟಾಯಿಲ್ ಎಂಬ ಎರಡು ಲಂಗರುಗಳಿವೆ.

ಪೊರೆ ಬಾಗಿದಾಗ ಅದರ ಉಬ್ಬಿದ ಬದಿಯ ಪದರ ಹಿಗ್ಗಿ, ಲಿಪಿಡ್ ಅಣುಗಳ ನಡುವೆ ಸೂಕ್ಷ್ಮ ಸಂದುಗಳು ಮೂಡುತ್ತವೆ. ನೀರಿನಿಂದ ದೂರವಿರಬಯಸುವ ಲಂಗರು ಅಲ್ಲಿ ಸೇರಿಕೊಳ್ಳುತ್ತದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಮುಖ್ಯ ಸಂಗತಿಯನ್ನು ತೋರಿಸಿತು: ಬಾಗಿದ ಪೊರೆ ಲಂಗರನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಲಂಗರು ಹಾಕಲು ಸಿಗುವ ಜಾಗಗಳೇ ಹೆಚ್ಚು. ಸಮತಟ್ಟಾದ ಪೊರೆಯಲ್ಲಿ ಸಡಿಲ ಭಾಗವನ್ನು ಆರಿಸಿಕೊಳ್ಳುವ ಎನ್-ರಾಸ್ ಲಂಗರು, ಬಾಗು ಹೆಚ್ಚಿದಂತೆ ಒತ್ತಾಗಿ ಜೋಡಣೆಗೊಂಡ ಭಾಗದತ್ತ ವಾಲುತ್ತದೆಂದು 2015ರಲ್ಲಿ ತಿಳಿದುಬಂದಿತು.

ಈ ಅರಿವಿಗೆ ವೈದ್ಯಕೀಯ ಮಹತ್ವವೂ ಇದೆ. ಮಾನವನ ಕ್ಯಾನ್ಸರ್‌ಗಳಲ್ಲಿ ಸರಿಸುಮಾರು ಐದರಲ್ಲಿ ಒಂದರಲ್ಲಿ ರಾಸ್ ವಂಶವಾಹಿ ಕೆಟ್ಟಿರುತ್ತದೆ. ಪೊರೆಗೆ ಅಂಟದ ರಾಸ್ ಕೆಲಸ ಮಾಡಲಾರದು. ಆದ್ದರಿಂದ ಫಾರ್ನೆಸಿಲ್ ಜೋಡಣೆಯನ್ನೇ ತಡೆಯುವ ಔಷಧಗಳನ್ನು ರೂಪಿಸಲಾಯಿತು. ಆದರೆ ಕೆ-ರಾಸ್ ಮತ್ತು ಎನ್-ರಾಸ್‌ಗಳಿಗೆ ಕೋಶವು 20 ಇಂಗಾಲದ ಬದಲಿ ಲಂಗರನ್ನು ಜೋಡಿಸಿತು. ನಿರೀಕ್ಷಿತ ಫಲ ಸಿಗಲಿಲ್ಲ. ಅದೇ ಬಗೆಯ ಲೋನಾಫಾರ್ನಿಬ್, ಮಕ್ಕಳಲ್ಲಿ ಅಕಾಲ ಮುಪ್ಪು ತರುವ ಪ್ರೊಜೇರಿಯಾ ರೋಗಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

2021ರಲ್ಲಿ ಅಲ್ಲಿ ಅನುಮತಿ ದೊರೆತ ಸೋಟೊರಾಸಿಬ್, ಲಂಗರನ್ನು ಬಿಟ್ಟು ಕೆ-ರಾಸ್‌ನ ಒಂದು ನಿರ್ದಿಷ್ಟ ದೋಷಯುಕ್ತ ರೂಪಕ್ಕೇ ಅಂಟಿಕೊಳ್ಳುತ್ತದೆ. ಕೆ-ರಾಸ್‌ನ ಪ್ರಮುಖ ರೂಪದಲ್ಲಿ ಎರಡನೆಯ ಲಿಪಿಡ್ ಬಾಲವಿಲ್ಲ; ಬದಲಿಗೆ ಧನ ವಿದ್ಯುದಂಶದ ಅಮೈನೋ ಆಮ್ಲಗಳ ಸಾಲಿದೆ. ಹೀಗಾಗಿ ಒಂದು ರಾಸ್‌ನ ನೆಲೆಯನ್ನು ಅರಿತ ಮಾತ್ರಕ್ಕೆ ಮತ್ತೊಂದರ ನೆಲೆಯನ್ನು ಅರಿತಂತಾಗದು.